ಕಾಕಾನ ಬೇಸ್ ಗಿಟಾರು

ಮಷೀನಿನ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಗಜೇಂದ್ರಗಡದ ನಮ್ಮ ಮಗ್ಗದ ಕೋಣೆ, ಅಲ್ಲಿ ಚಾಪೆಯ ಮೇಲೆ ಮಲಗಿಸಿದ್ದ ಕಾಕಾನ ಬೇಸ್ ಗಿಟಾರು ನೆನಪಾಗುತ್ತವೆ.

ಕಾಕಾ ಅದನ್ನು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಆ ಬೇಸಿಗೆಯ ಬಿಸಿಲಿಗೆ ಅದರ ಉದ್ದನೆಯ ಕುತ್ತಿಗೆ ಬಾಗಿ, ತಂತಿಗಳು ಮೇಲೆದ್ದು, ಒತ್ತಿದರೆ ಬೆರಳು ನೋಯುತ್ತಿದ್ದವು. ಸಂಜೆ ನರಗುಂದದಲ್ಲಿ ಕಾರ್ಯಕ್ರಮವಿತ್ತು. ಕುತ್ತಿಗೆಯನ್ನು ನೆಟ್ಟಗಿಡಲು ಅದರೊಳಗಿರುವ ಕಬ್ಬಿಣದ ಸರಳಿನ ತುದಿಗೆ ಮಗ್ಗದ ಎಣ್ಣೆ ಬಿಟ್ಟು, ಸಣ್ಣ ಕೀಲಿ ಸಿಕ್ಕಿಸಿ, ಕಾಕಾ ಉಸಿರು ಹಿಡಿದು ತುಸುವೇ ತಿರುವಿದ. ಕಟ್ಟಿಗೆ ಕಿರ್ ಎಂದಿತು.

"ಮುರೀತಂದ್ರ ಹ್ಯಾಂಗ ಕಾಕಾ?"

"ಸುಮ್ಕಿರು. ಲಗೂ ತಿರುವಿದ್ರ ಮುರೀತೈತಿ."

ತಂತಿಯನ್ನು ಎರಡೂ ತುದಿಗೆ ಒತ್ತಿ ಹಿಡಿದು, ಸಂದು ಎಷ್ಟಿದೆ ನೋಡಲು ನಡುವೆ ಅದರ ಕೆಳಗೆ ಲಗ್ನಪತ್ರಿಕೆಯ ತುಂಡು ತೂರಿಸಲು ನನಗೆ ಹೇಳಿದ. ಅದು ತಂತಿಗೆ ತಾಗಿಯೂ ತಾಗದಂತೆ ಜಾರಿತು. "ಬರೋಬ್ಬರಿ ಆತು," ಎಂದು ಕೆಳಗಿನ ತಿರುಪುಗಳಿಂದ ತಂತಿಗಳನ್ನು ಇಳಿಸಿದ.

ಕರೆಂಟ್ ಇರಲಿಲ್ಲ, ಸ್ಪೀಕರಿಗೆ ಹಚ್ಚಿ ಕೇಳುವಂತಿರಲಿಲ್ಲ. ತಂತಿ ಎಲ್ಲಾದರೂ ಗರ್ ಅನ್ನುತ್ತದೆಯೇ ಎಂದು ಕೇಳಲು ಕಾಕಾ ಗಿಟಾರಿನ ಕಟ್ಟಿಗೆಗೆ ಗದ್ದ ಹಚ್ಚಿ ಮೀಟಿದ.

ಅಜ್ಜಿ ಮಗ್ಗ ನಿಲ್ಲಿಸಿ ನೋಡುತ್ತಿದ್ದಳು. ಕಾಕಾ ಆರ್ಕೆಸ್ಟ್ರಾ ಸೇರುವ ಮೊದಲೇ ಆಕೆಗೆ ಕಿವಿ ಕೇಳದಾಗಿದ್ದವು. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ಬಂದು ಮಗನ ಎದುರು ಕೂತು, ತಾನೂ ಹಾಗೆಯೇ ಗದ್ದ ಹಚ್ಚಿದಳು. ಕಾಕಾ ಎಲ್ಲಕ್ಕಿಂತ ದಪ್ಪನೆಯ ತಂತಿ ಮೀಟಿದ. ಅಜ್ಜಿಯ ಮೂಗುತಿ ಸಣ್ಣಗೆ ನಡುಗಿತು. ನಾನು ಕೈಯಲ್ಲಿನ ಲಗ್ನಪತ್ರಿಕೆ ಮರೆತು ನೋಡಿದೆ.

ಆಕೆ ಗದ್ದ ಎತ್ತದೆಯೇ ಕೇಳಿದಳು: "ಇಷ್ಟ್ ವರ್ಷ ನೀ ನುಡಸಿದ್ದು ಇದನ್ನೇನೋ ತಮ್ಮಾ?"

ನರಗುಂದದ ಬಸ್ಸಿಗೆ ಹೊತ್ತಾಗಿತ್ತು. ಕಾಕಾ ಮತ್ತೆ ಮೀಟಿದ.