ಕಾಶವ್ವನ ಬಲಗೈ

ಸೇವಾಕೇಂದ್ರದ ಮೇಜಿನ ಮೇಲೆ ಕಾಶವ್ವ ತನ್ನ ಯಂತ್ರದ ಬಲಗೈಯನ್ನು ಬಿಚ್ಚಿಟ್ಟಳು. ಹನ್ನೆರಡು ವರ್ಷ ರೊಟ್ಟಿ ಹಂಚಿನ ಮುಂದೆ ದುಡಿದು ಅದರ ಬೆರಳುಗಳು ಬಿಗಿದುಹೋಗಿದ್ದವು.

"ಹೊಸ ಕೈ ಕೊಡ್ತೀವ್ರಿ ಅಕ್ಕಾರ," ಎಂದ ಗುಮಾಸ್ತ. "ಆದ್ರ ಕಲ್ತ ಕೆಲಸದ ಲೈಸೆನ್ಸ್ ಹಳೇ ಕೈಗಷ್ಟ ಐತಿ, ವರ್ಗಾ ಆಗಂಗಿಲ್ಲ. ಕಲ್ತದ್ದೆಲ್ಲಾ ಅಳಸಿ ಹೋಗತೈತಿ."

"ರೊಟ್ಟಿ ಬಡಿಯೂದೂ?"

"ಅದೂ ಹೋಗತೈತ್ರಿ."

"ಈ ಕೈಗ ತೆಳ್ಳಗ ಬಡಿಯೂದು ಕಲಿಸಾಕ ನನಗ ಆರು ವರ್ಷ ಹಿಡದೈತಿ, ತಮ್ಮಾ. ಬರೇ ಬೆರಳು ಬದಲಿಸಿದ್ರ ಹೊಸ ಕೈ ಅಂತೀರೇನು?"

ಅವನು ನಿಯಮಾವಳಿ ಓದಿ ನೋಡಿದ. "ಇಲ್ರಿ, ಅದು ರಿಪೇರಿ, ಕಲ್ತದ್ದು ಹಂಗ ಉಳೀತೈತಿ. ದಿನಕ್ಕ ಒಂದ ಭಾಗ ಬದಲಿಸಬಹುದು. ಎಷ್ಟ ದಿನ ಅಂತ ಬರದಿಲ್ಲ."

ಕಾಶವ್ವ ಕುರ್ಚಿ ಎಳೆದುಕೊಂಡು ಕುಳಿತಳು.

"ಹಂಗಾರ ಇವತ್ತ ಹೆಬ್ಬೆರಳು ಹಾಕು. ಮೊಣಕೈ ಮುಗಿಯೂತನಕ ದಿನಾ ಬರ್ತೀನಿ. ನನ್ನ ಮಾರಿ ನೋಡಿ ಬ್ಯಾಸರಾದ್ರ ನಿಮ್ಮ ಕಾನೂನ ಬದಲಿಸ್ರಿ."