ಇನ್ನೊಂದು ಗೇಣು ಆಚೆ

"ಇನ್ನೊಂದು ಗೇಣು ಆಚೆ ನಿಂತ್ಕೊಳ್ಳಿ, ಅಮ್ಮಾ," ಅಂದ ಫೋಟೋಗ್ರಾಫರ್. ಸೇತುವೆ ಮೇಲೂ ಇದೇ ಮಾತು, ಗಡಿಯಾರದ ಗೋಪುರದ ಮುಂದೆಯೂ ಇದೇ ಮಾತು. ಅತ್ತೆಗೆ ಅನುಮಾನ ಶುರುವಾಯಿತು. ಊರು ನೋಡೋಕೆ ಬಂದ ಕಡೆ ಇವನನ್ನು ಬುಕ್ ಮಾಡಿದ್ದು ಸೊಸೆ. ಬೆಳಿಗ್ಗೆ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದೂ ಅವಳೇ.

ಪ್ರತಿ ಫೋಟೋದಲ್ಲೂ ತಾನು ಅಂಚಿನಲ್ಲಿ. ಮಗನಿಗೂ ತನಗೂ ನಡುವೆ, ಆಮೇಲೆ ನೀಟಾಗಿ ಕತ್ತರಿ ಆಡಿಸುವಷ್ಟು ಜಾಗ.

"ಯಾಕಪ್ಪಾ, ನಾನೇನು ಮುಟ್ಟಿದ್ರೆ ಅಂಟ್ಕೋತೀನಾ?"

"ಫ್ರೇಮ್ ಚೆನ್ನಾಗಿ ಬರುತ್ತೆ, ಅಮ್ಮಾ," ಅಂದ ಅವನು. ಸೊಸೆ ಮಗುವನ್ನು ಎತ್ತಿಕೊಂಡೇ ಬಗ್ಗಿ ಚಪ್ಪಲಿ ಸರಿಮಾಡಿಕೊಂಡಳು.

ಅತ್ತೆ ಸೊಸೆಯ ಕಂಕುಳಿಂದ ಮೊಮ್ಮಗಳನ್ನು ಎತ್ತಿಕೊಂಡು ತನ್ನ ಅಂಚಿಗೇ ವಾಪಸು ಬಂದಳು. ಮಗು ಅಜ್ಜಿಯ ಕುತ್ತಿಗೆ ತಬ್ಬಿಕೊಂಡಿತು.

"ಹೂಂ, ಈಗ ತೆಗಿಯಪ್ಪಾ."

ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿ ಸೊಸೆಯ ಮುಖ ನೋಡಿದ.