ಮೂರನೇ ನೋಟಿಸ್

"ನಾನೇನಾದ್ರೂ ಒಂದಿನ ಆ ಕೋಣೆ ಕುರ್ಚಿ ಮೇಲೆ ಕೂತ್ರೆ ಅಕ್ಕಾ, ಕೇಳದೆ ಯಾರಿಗೂ ನೋಟಿಸ್ ಕೊಡಲ್ಲ. ನನ್ನಾಣೆ." ಹದಿನೇಳು ವರ್ಷದ ಹಿಂದೆ, ಕೋಟು ಹೊಲಿಯುವ ಕಾರ್ಖಾನೆಯ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದ ಹುಡುಗಿಯೊಬ್ಬಳು ಕೊಟ್ಟ ಮಾತು ಅದು. ಅವಳ ಮಗುವಿಗೆ ಜ್ವರ ಬಂದು ಕೆಲಸಕ್ಕೆ ತಡವಾಗಿತ್ತು. ಯಾಕೆಂದು ಒಬ್ಬರೂ ಕೇಳದೆ ನೋಟಿಸ್ ಕೈಗಿಟ್ಟಿದ್ದರು. ಪಕ್ಕದಲ್ಲಿದ್ದ ಗುಂಡಿಯಕ್ಕ ತನ್ನ ಸೆರಗಿನ ತುದಿ ಕೊಟ್ಟು, "ಮೊದಲು ಮೂಗು ಒರೆಸ್ಕೋ, ಕುರ್ಚಿ ವಿಷಯ ಆಮೇಲೆ ನೋಡೋಣ" ಎಂದಿದ್ದಳು. ಕೋಟುಗಳಿಗೆ ಕೈಯಿಂದ ಗುಂಡಿ ಹೊಲಿಯುವುದು ಅವಳ ಕೆಲಸ. ಅದೇ ಅವಳ ಹೆಸರೂ ಆಗಿಹೋಗಿತ್ತು.

ಸಂಜೆ ಕಾಲೇಜಿನಲ್ಲಿ ಓದಿ, ಆ ಹುಡುಗಿ ಈಗ ಸಿಬ್ಬಂದಿ ವಿಭಾಗದ ಮೇಡಂ. ಕುರ್ಚಿಯ ಹಿಂದಿನ ಗೋಡೆಗೆ ತಾನೇ ದಪ್ಪ ಅಕ್ಷರದಲ್ಲಿ ಬರೆಸಿ ಹಚ್ಚಿದ ಹಾಳೆ: ಮೊದಲು ಕೇಳಿ, ಆಮೇಲೆ ಬರೆಯಿರಿ. ತಿಂಗಳಿಗೊಮ್ಮೆ ಸೂಪರ್‌ವೈಸರುಗಳನ್ನು ಕೂರಿಸಿಕೊಂಡು ಅದನ್ನೇ ಪಾಠ ಮಾಡುತ್ತಾಳೆ. ಇವತ್ತು ಮಾತ್ರ ಅವಳ ಮೇಜಿನ ಮೇಲೆ ಗುಂಡಿಯಕ್ಕನ ಹೆಸರಿನ ಮೂರನೇ ನೋಟಿಸ್ ಇತ್ತು. ಮೂರನೆಯದು ಬಂತೆಂದರೆ ಕೆಲಸ ಹೋಯಿತು. ನೀಲಿ ಕೋಟಿಗೆ ಕಪ್ಪು ದಾರ ಹಾಕಿದ್ದು ಎರಡು ಸಲ; ಈ ಸಲ, ಜಾಗ ಬಿಟ್ಟು ಕಿಟಕಿ ಹತ್ತಿರ ಹೋಗಿ ಕಾಲ ಕಳೆಯುವುದು. ಸೂಪರ್‌ವೈಸರ್ ಬರೆದುಕೊಟ್ಟ ದೂರನ್ನು ಹಾಗೇ ಟೈಪ್ ಮಾಡಿಸಿ, ಬೆಳಿಗ್ಗೆ ಮಕ್ಕಳ ಡಬ್ಬಿಗೆ ಮುಚ್ಚಳ ಒತ್ತಿದ ಅವಸರದಲ್ಲೇ ಅದಕ್ಕೂ ಒಂದು ಸಹಿ ಒತ್ತಿದ್ದಳು. ರಿಜಿಸ್ಟರಿನಲ್ಲಿ ನಂಬರೂ ಬಿದ್ದಾಗಿತ್ತು.

ಗುಂಡಿಯಕ್ಕ ಬಂದು ಕೂತಳು. ಕಾಗದ ತೆಗೆದುಕೊಂಡು ಮುಖದ ಮುಂದೆ ಹಿಡಿದು, ಸಾಲು ಸಾಲಿಗೂ ತಲೆಯನ್ನು ಎಡದಿಂದ ಬಲಕ್ಕೆ ಆಡಿಸಿದಳು.

"ಓದಿದ್ಯಾ ಅಕ್ಕಾ?"

"ಓದಿದೆ ಮೇಡಂ. ಎಲ್ಲಿ ಸಹಿ ಹಾಕ್ಲಿ?"

"ಕೆಳಗೆ, ಗೆರೆ ಮೇಲೆ."

ಗುಂಡಿಯಕ್ಕ ಪೆನ್ನು ಹಿಡಿದಳು. ಇಪ್ಪತ್ತೆಂಟು ವರ್ಷದಿಂದ ಗುಂಡಿಯ ನಾಲ್ಕು ತೂತುಗಳನ್ನು ತಪ್ಪದೆ ಹುಡುಕಿದ ಬೆರಳುಗಳು ಗೆರೆಯನ್ನು ಹುಡುಕಿದವು, ಸಿಗಲಿಲ್ಲ. ಹೆಸರಿನ ಅರ್ಧ ಕಾಗದದ ಮೇಲೆ ಬಿತ್ತು, ಇನ್ನರ್ಧ ಮೇಜಿನ ಮೇಲೆ. ಅದು ಅವಳಿಗೆ ತಿಳಿಯಲೂ ಇಲ್ಲ. ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟಳು.

ಮೇಡಂ ಮೇಜಿನ ಮೇಲಿನ ಆ ಅಕ್ಷರಗಳನ್ನೇ ನೋಡಿದಳು. "ಕಣ್ಣು ಯಾವಾಗಿಂದ ಹೀಗಾಗಿದೆ?"

"ನನ್ನ ಕಣ್ಣಿಗೇನು ಧಾಡಿ?" ಎಂದ ಗುಂಡಿಯಕ್ಕ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವಿದಳು. "ಹೋದ ವರ್ಷದಿಂದ. ಸೂಜಿಗೆ ದಾರ ಪೋಣಿಸೋಕೆ ಕಿಟಕಿ ಹತ್ರ ಹೋಗ್ತೀನಿ, ಅಲ್ಲಿ ಬೆಳಕು ಜಾಸ್ತಿ. ನೀಲಿ ದಾರ ಎಡಗಡೆ, ಕಪ್ಪು ಬಲಗಡೆ ಇಟ್ಕೊಂಡಿರ್ತೀನಿ. ಕಸ ಗುಡಿಸೋಳು ಪಾಪ, ಮೇಜು ಒರೆಸಿ ಎರಡು ಸಲ ಅದಲು ಬದಲು ಇಟ್ಟಿದ್ಲು. ನನ್ ಕೈಗೇನು ಗೊತ್ತು?"

"ಒಂದು ಮಾತು ಹೇಳಬಾರದಿತ್ತಾ?"

"ಕಣ್ಣು ಕಾಣ್ಸಲ್ಲ ಅಂದ್ರೆ ಮನೆಗೆ ಕಳಿಸ್ತೀರ. ಸೋಮಾರಿ ಅಂದ್ಕೊಂಡ್ರೆ ಬರೀ ಬೈತೀರ. ಬೈಸ್ಕೊಳ್ಳೋದೇ ವಾಸಿ ಅನ್ನಿಸ್ತು." ಆಮೇಲೆ, ದೂರುವ ದನಿಯೇ ಇಲ್ಲದೆ, "ನೀನು ಕೇಳಿದ್ರೆ ಹೇಳ್ತಿದ್ದೆ ಕಣೇ" ಎಂದಳು.

ಮೇಡಂ ಎದ್ದು ಮೇಜು ಸುತ್ತಿ ಬಂದಳು. ತನ್ನ ಓದುವ ಕನ್ನಡಕ ತೆಗೆದು, ಸೀರೆಯಲ್ಲಿ ಒರೆಸಿ, ಮಕ್ಕಳಿಗೆ ಟೋಪಿ ಹಾಕುವಂತೆ ಎರಡೂ ಕಿವಿ ಸರಿಮಾಡಿ ಅಕ್ಕನಿಗೆ ಹಾಕಿದಳು. ಗುಂಡಿಯಕ್ಕ ಕಣ್ಣು ಪಿಳುಕಿಸಿದಳು. ತೀರ ಹತ್ತಿರವಿದ್ದ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದಳು.

"ಅಯ್ಯೋ ಹುಡುಗಿ, ನಿನ್ ತಲೆ ಯಾವಾಗ ಬೆಳ್ಳಗಾಯ್ತೇ?"

"ಅವತ್ತು ಜ್ವರ ಬಂದಿದ್ದ ಮಗು ಕಾಲೇಜಿಗೆ ಸೇರಿತಲ್ಲ, ಆವಾಗಿಂದ."

ಇಬ್ಬರೂ ನಕ್ಕರು. ನಗುತ್ತಲೇ ಮೇಡಂ ಫೋನ್ ಎತ್ತಿ, ನಾಳೆ ಹತ್ತು ಗಂಟೆಗೆ ಕಣ್ಣಿನ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಳು. "ರಜೆ ಅಂತ ಹಾಕಲ್ಲ, ಕೆಲಸದ ಮೇಲೆ ಹೋಗಿದೀಯ ಅಂತ ಹಾಕ್ತೀನಿ. ಬಂದ ಮೇಲೆ ನಿನ್ನ ಜಾಗ ಕಿಟಕಿ ಪಕ್ಕ. ಯಾರಾದ್ರೂ ಎಬ್ಬಿಸಿದ್ರೆ ನನ್ನ ಹತ್ರ ಕಳಿಸು."

ಗುಂಡಿಯಕ್ಕ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ. ಕನ್ನಡಕ ಸಿಕ್ಕ ಖುಷಿಯಲ್ಲಿ ಎದ್ದು, ಕೋಣೆಯಲ್ಲಿರುವುದನ್ನೆಲ್ಲ ಹತ್ತಿರ ಹೋಗಿ ಹೋಗಿ ಓದತೊಡಗಿದ್ದಳು. ಕ್ಯಾಲೆಂಡರ್ ಓದಿದಳು, ಬೀರುವಿನ ಮೇಲಿನ ಚೀಟಿ ಓದಿದಳು, ಗೋಡೆಯ ಹಾಳೆಗೆ ಬಂದಳು. "ಮೊದಲು ಕೇಳಿ, ಆಮೇಲೆ..." ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಬೇಕೆಂದೇ ಓದದೆ ಕ್ಯಾಲೆಂಡರಿನ ಕಡೆಗೇ ತಿರುಗಿಕೊಂಡಳು.

ನಂಬರು ಬಿದ್ದ ನೋಟಿಸನ್ನು ಹರಿದು ಬಿಸಾಕುವಂತಿರಲಿಲ್ಲ. ರದ್ದು ಮಾಡಿದರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಸಂಜೆ ಮ್ಯಾನೇಜರು ಅದನ್ನು ನೋಡುತ್ತಾರೆ. ಟೈಪಿನ ತಪ್ಪು ಎಂದು ಬರೆದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಕನ್ನಡಕವನ್ನು ವಾಪಸು ಕೇಳಲು ಮನಸ್ಸಾಗದೆ, ಮೇಡಂ ರಿಜಿಸ್ಟರನ್ನು ದೂರ ಸರಿಸಿಕೊಂಡು, ಕಣ್ಣು ಕಿರಿದು ಮಾಡಿ, ಕಾರಣದ ಕಾಲಂನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು:

"ಕೇಳದೆ ಕೊಟ್ಟದ್ದು."